ಮಾಣಿಕಪ್ಪ ಭಾಯಿ

ಕಾಚಿಗೂಡ, ಹೈದರಾಬಾದ್
೯ ಜೂನ್ ೨೦೨೪

ಮಂದಾ,

ಹದಿನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಫೋನು ಮಾಡಬಹುದಿತ್ತು. ಆದರೆ ಅಪ್ಪನ ವಕೀಲರು ಮನೆಗೆ ಬಂದಾಗ ನನ್ನ ಕಡೆಗೂ ನೋಡಿ, "ಕೇಸ್ ಮುಗಿಯೂತನಕಾ ಆ ಕಡಿಯವರ ಜೋಡಿ ಫೋನಿಲ್ಲ, ವಾಟ್ಸಾಪಿಲ್ಲ. ಎಲ್ಲಾ ಪ್ರಿಂಟ್ ತಗದು ಫೈಲಿಗೆ ಹಚ್ಚತಾರ" ಎಂದರು. ಪತ್ರದ ಮಾತು ಅವರು ಎತ್ತಲಿಲ್ಲ. ಈಗ ಯಾರೂ ಬರೆಯುವುದಿಲ್ಲವೆಂದು ಮರೆತಿರಬೇಕು. ನನಗಂತೂ ಫೋನಿನಲ್ಲಿ ಮಾತೇ ಹೊರಡುವುದಿಲ್ಲ, ನಿನಗೆ ಗೊತ್ತಿದ್ದದ್ದೇ.

ಎಂ.ಎ. ಮುಗಿಯಿತು. ನಾರಾಯಣಗೂಡದ ಒಂದು ಶಾಲೆಯ ಲೈಬ್ರರಿಯಲ್ಲಿ ಕೆಲಸ. ಹಳೆಯ ಪುಸ್ತಕಗಳಿಗೆ ಹೊಸ ನಂಬರು ಹಚ್ಚುತ್ತೇನೆ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಒಮ್ಮೊಮ್ಮೆ ನಿಮ್ಮ ಪಾಲಿಹೌಸಿನ ಒಳಗಿನ ಬಿಸಿ ವಾಸನೆ ನೆನಪಾಗುತ್ತದೆ. ಯಾಕೆ ಆ ಹೊತ್ತಿಗೇ ಎಂದು ತಿಳಿಯದು.

ಹೋದ ವರ್ಷ ಯುಗಾದಿಯ ಮರುದಿನ ನಿಮ್ಮಪ್ಪ ಸಿದ್ರಾಮ ಕಾಕಾ ನಮ್ಮ ಮೆಟ್ಟಿಲಿನಿಂದಲೇ ತಿರುಗಿ ಹೋದರಲ್ಲ, ಆವತ್ತು ನಾನು ಒಳಗಿನ ಕೋಣೆಯಲ್ಲಿದ್ದೆ. ಹೊಲವನ್ನು ಪ್ಲಾಟು ಮಾಡುವವರಿಗೆ ಮಾರುತ್ತೇನೆ ಎಂದು ಅಪ್ಪ ಹೇಳಿದ್ದೂ ಕೇಳಿಸಿತು. ಕಾಕಾ ಚಪ್ಪಲಿ ಹುಡುಕಿದ್ದೂ ಕೇಳಿಸಿತು. ಹೊರಗೆ ಬರಬೇಕಿತ್ತು. ಬರಲಿಲ್ಲ.

ನಮ್ಮಪ್ಪನ ಹೆಸರಿನಲ್ಲಿರುವ ನಾಲ್ಕು ಎಕರೆ, ನಿಮ್ಮಪ್ಪ ಉಳುವ ನಾಲ್ಕು ಎಕರೆ. ಎರಡೂ ಒಂದೇ ನಾಲ್ಕು ಎಕರೆ. ನೀವು ಹಕ್ಕಿಗೆ ಅರ್ಜಿ ಹಾಕಿದ ದಿನದಿಂದ ಕಂಪ್ಯೂಟರಿನಲ್ಲಿ ಆ ಸರ್ವೆ ನಂಬರಿನ ಮುಂದೆ ಕೆಂಪಕ್ಷರದಲ್ಲಿ 'ವಿವಾದ' ಎಂದು ಬರುತ್ತದೆ. ಅಪ್ಪ ದಿನಾ ಬೆಳಿಗ್ಗೆ ತೆಗೆದು ನೋಡುತ್ತಾರೆ.

ಇನ್ನೊಂದು ವಿಷಯ. ಕಚೇರಿಯಿಂದ ಒಂದು ಹಳೇ ಪಹಣಿಯ ನಕಲು ಬಂದಿದೆ, ಎಪ್ಪತ್ತು ವರ್ಷದ್ದು, ಉರ್ದುವಿನಲ್ಲಿ. ಆಗ ಆ ಊರಿನ ಹೊಲಗಳ ಲೆಕ್ಕ ಬರೆಯುವ ಪಟವಾರಿ ನಮ್ಮಜ್ಜನೇ ಆದ್ದರಿಂದ ಬರೆದದ್ದು ಅವನ ಕೈ. ಅವನ ಅವಸರದ ಬರಹವನ್ನು ವಕೀಲರ ಗುಮಾಸ್ತರಿಗೆ ಓದಲಾಗಲಿಲ್ಲ. ಅಜ್ಜ ನನಗೆ ಉರ್ದು ಕಲಿಸಿದ್ದ ಎಂದು ಅಪ್ಪ ಅವರಿಗೆ ಹೇಳಿದರು. ಈಗ ಆ ಹಾಳೆ ನನ್ನ ಮೇಜಿನ ಮೇಲಿದೆ.

ಹೂವು ಹೇಗಿವೆ?

ಭಕ್ತಿ


ಶಂಕರಪಲ್ಲಿ ಹತ್ತಿರ, ತೋಟ
೩೦ ಜೂನ್ ೨೦೨೪

ಭಕ್ತಿ,

ಪತ್ರ ಮುಟ್ಟಿತು. ಪೋಸ್ಟಿನವರು ಅಪ್ಪನ ಕೈಗೆ ಕೊಟ್ಟರು. ಅವನು ಕವರಿನ ಹಿಂದಿನ ಹೆಸರು ಓದಿ, "ಅಣ್ಣಾವ್ರ ಮಗಳದು" ಎಂದು ನನಗೆ ಕೊಟ್ಟ.

ಹೂವು ಹೇಗಿವೆ ಎಂದು ಕೇಳಿದ್ದೀ. ಮೇ ತಿಂಗಳ ಗಾಳಿಗೆ ಪಾಲಿಹೌಸಿನ ಹಾಳೆ ಪಶ್ಚಿಮದ ಕಡೆಯಿಂದ ಹರಿಯಿತು. ಅದು ಐದನೇ ವರ್ಷದ ಹಾಳೆ, ಹೇಗೂ ಬದಲಿಸಬೇಕಿತ್ತು. ಸಾಲಕ್ಕೆ ಬ್ಯಾಂಕಿಗೆ ಹೋದೆವು. ಮೊದಲೆಲ್ಲ ನಿಮ್ಮಪ್ಪ, ನಮ್ಮ ದೊಡ್ಡಪ್ಪನೇ, ಹೊಲದ ಪಾಸ್‌ಬುಕ್ ಹಿಡಿದು ಬಂದು, ಸಹಿ ಹಾಕಿ, ಮ್ಯಾನೇಜರ ಟೇಬಲ್ಲಿನಲ್ಲೇ ಚಹಾ ಕುಡಿದು ಹೋಗುತ್ತಿದ್ದರಲ್ಲ. ಈ ಸಲ ಮ್ಯಾನೇಜರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ಕೆಂಪಕ್ಷರ ತೋರಿಸಿದರು. ಅಪ್ಪ ಅದನ್ನು ನೋಡಿ, "ಬಣ್ಣ ಚಲೋ ಐತ್ರಿ" ಎಂದ. ಅವರಿಗೆ ಕನ್ನಡ ಬರುವುದಿಲ್ಲ, ಪುಣ್ಯ.

ಹಾಳೆಯಿಲ್ಲದೆ ಬಿಸಿಲು ನೇರ ಬಿದ್ದು ಜರ್ಬೆರಾ ಚುಕ್ಕೆ ಚುಕ್ಕೆಯಾದವು. ಆದರೂ ಪ್ರತಿ ಮೊಗ್ಗಿಗೆ ಪ್ಲಾಸ್ಟಿಕ್ ಟೋಪಿ ಹಾಕಿದೆ. ನೀನು ರಜೆಗೆ ಬಂದಾಗ ಹಾಕುತ್ತಿದ್ದೆಯಲ್ಲ, ಒಂದೊಂದಕ್ಕೂ ಹೆಸರಿಟ್ಟು. ಕೊಯ್ದು ಗುಡಿಮಲ್ಕಾಪುರದ ಮಾರ್ಕೆಟ್ಟಿಗೆ ಒಯ್ದೆ. ಯಾವಾಗಲೂ ಕೊಳ್ಳುವ ಚಾಚಾ ಒಂದು ಕಟ್ಟು ಬಿಚ್ಚಿ ನೋಡಿ, "ಶಾದಿಯಾಂ ಮೇ ನೈ ಚಲ್ತೇ ಬೇಟಾ ಯೇ ಫೂಲಾಂ" ಎಂದು, ಮದುವೆಗೆ ಈ ಹೂವು ನಡೆಯುವುದಿಲ್ಲವಂತೆ, ಮತ್ತೆ ಕಟ್ಟಿ ಕೊಟ್ಟ. ಚೆನ್ನಾಗಿಯೇ ಕಟ್ಟಿದ.

ಗಿಡ ಕಿತ್ತೆವು. ಹೊಸ ಜರ್ಬೆರಾ ನೆಟ್ಟರೆ ಮೂರು ವರ್ಷ ನಿಲ್ಲಬೇಕು. ಮೂರು ವರ್ಷದ ಗಿಡವನ್ನು ಯಾರ ಹೆಸರಿನಲ್ಲಿ ನೆಡುವುದು? ಈಗ ಪಾಲಿಹೌಸಿನ ಕಂಬಗಳ ನಡುವೆ ಕೊತ್ತಂಬರಿ ಹಾಕಿದ್ದೇವೆ. ನಲವತ್ತು ದಿನಕ್ಕೆ ಬರುತ್ತದೆ. ಕೊತ್ತಂಬರಿಗೆ ಯಾರ ಸಹಿಯೂ ಬೇಡ.

ಪಹಣಿಯ ಹಾಳೆ ನಿನ್ನ ಮೇಜಿನ ಮೇಲಿದೆ ಎಂದು ಬರೆದಿದ್ದೀ. ಅದರಲ್ಲಿ ಏನಿದೆ ಎಂದು ಬರೆಯಲಿಲ್ಲ. ಗಮನಿಸಿದೆ.

ಮಂದಾಕಿನಿ


ಕಾಚಿಗೂಡ
೪ ಆಗಸ್ಟ್ ೨೦೨೪

ಮಂದಾ,

ಬರೆಯುತ್ತೇನೆ.

ಪಹಣಿಯಲ್ಲಿ ಮೊದಲು ನಮ್ಮ ಮನೆತನದ ಹೆಸರು. ಅದರ ಮುಂದೆ, ಹೊಲ ಯಾರ ಕೈಯಲ್ಲಿದೆ ಎಂಬ ಕಾಲಮಿನಲ್ಲಿ, ನಿಮ್ಮಜ್ಜನ ಹೆಸರು: ಮಾಣಿಕಪ್ಪ. ಹೆಸರಿನ ಜೊತೆ ಒಂದು ಶಬ್ದವಿದೆ. ಅದು 'ಬಟಾಯಿ' ಇರಬಹುದು. ಹಾಗಾದರೆ, ಬೆಳೆಯಲ್ಲಿ ಅರ್ಧ ಕೊಟ್ಟು ಹೊಲ ಮಾಡುವವನು ಎಂದಾಯಿತು. ಇಲ್ಲವೆ 'ಭಾಯಿ' ಇರಬಹುದು. ಹಾಗಾದರೆ ಅಣ್ಣತಮ್ಮ.

ಉರ್ದುವಿನಲ್ಲಿ ಇವೆರಡಕ್ಕೂ ತಲೆ ಒಂದೇ, ಬಾಲವೂ ಒಂದೇ. ನಡುವಿನ ಅಕ್ಷರ ಮಾತ್ರ ಬೇರೆ. 'ಭಾಯಿ'ಯಲ್ಲಿ ಎರಡು ಕಣ್ಣಿನ ಗಂಟು ಬರುತ್ತದೆ, 'ಬಟಾಯಿ'ಯಲ್ಲಿ ಬರೀ ಒಂದು ಹಲ್ಲು, ತಲೆಯ ಮೇಲೆ ಸಣ್ಣ ಗುರುತು. ನಕಲಿನಲ್ಲಿ ಆ ಜಾಗಕ್ಕೆ ಸರಿಯಾಗಿ ಹಾಳೆಯ ಮಡಿಕೆ ಬಂದಿದೆ.

ಬಟಾಯಿ ಎಂದಿದ್ದರೆ ನೀವು ಹಳೇ ಕಾಯಿದೆಯ ಗೇಣಿದಾರರು, ಹೊಲ ನಿಮಗೆ ಬರುತ್ತದೆ. ಭಾಯಿ ಎಂದಿದ್ದರೆ ಅದು ಬರೀ ಮರ್ಯಾದೆಯ ಮಾತು, ನಿಮಗೆ ಏನೂ ಇಲ್ಲ. ವಕೀಲರು ಇದನ್ನು ನಾಲ್ಕು ಸಲ ಹೇಳಿದರು.

ಅಪ್ಪ ನನ್ನ ಹಿಂದೆ ನಿಂತಿದ್ದರು. "ನನಗೇನ ಉರ್ದು ಬರೂದಿಲ್ಲವಾ. ನೀ ಏನ ಓದತಿ, ಓದು. ಆದ್ರ ನಿಮ್ಮಜ್ಜ ಕಡೀತನಕಾ ಅವರನ್ನ ಭಾಯಿ ಅಂತನ ಕರದಾನ, ಅಷ್ಟ ನೆನಪಿಟಗೊಂಡು ಓದು" ಎಂದರು. ಒಳಗಿನಿಂದ ಗೋದಾವರಿ ಅಜ್ಜಿ, "ಅವರು ನಮಗ ಅಣ್ಣತಮ್ಮ ಇದ್ದಂಗನ ಅಲ್ಲೇನು? ಸಂಕ್ರಾಂತಿಗೆ ತೊಗರಿ ಕಳಸತಾರ, ಜೋಳ ಕಳಸತಾರ. ಅಣ್ಣತಮ್ಮಗ ಕಾಗದ ಯಾಕ ಬೇಕ?" ಎಂದಳು. ಅವಳಿಗೆ ಎಂಬತ್ತೈದು. ಅವಳು ನಾಟಕ ಮಾಡುವುದಿಲ್ಲ.

ಸ್ಪಷ್ಟವಾಗಿಲ್ಲ ಎಂದು ಅಪ್ಪನಿಗೆ ಹೇಳಿದ್ದೇನೆ.

ಭಕ್ತಿ


ತೋಟ
೨೫ ಆಗಸ್ಟ್ ೨೦೨೪

ಭಕ್ತಿ,

ನಿನ್ನ ಪತ್ರವನ್ನು ಕೊತ್ತಂಬರಿ ಕಟ್ಟು ಕಟ್ಟುತ್ತ ಓದಿದೆ. ಕಾಗದಕ್ಕೆ ಒದ್ದೆ ಹತ್ತಿದೆ, ಆದರೆ ಅಕ್ಷರ ಉಳಿದಿವೆ.

ನಮ್ಮ ಮನೆಯಲ್ಲಿ ಒಂದು ಮಾತಿದೆ. ನಿಮ್ಮ ಮನೆಯಲ್ಲಿ ಅದನ್ನು ಯಾರೂ ನಿನಗೆ ಹೇಳಿರಲಿಕ್ಕಿಲ್ಲ. ನಮ್ಮಜ್ಜ ಬೀದರ ಕಡೆಯಿಂದ ಬಂದು ನಿಮ್ಮ ಹೊಲ ಹಿಡಿದ ಮೊದಲ ವರ್ಷಗಳಲ್ಲಿ ನಿಮ್ಮಜ್ಜ ದಫ್ತರ ತೆರೆದು, ಬೆರಳಿಟ್ಟು ತೋರಿಸಿ, "ನೋಡು ಮಾಣಿಕಪ್ಪಾ, ಸರ್ಕಾರಿ ಕಾಗದದಾಗ ನಿನ್ನ ಭಾಯಿ ಅಂತ ಬರದೀನಿ" ಎಂದರಂತೆ. ಅಜ್ಜನಿಗೆ ಯಾವ ಲಿಪಿಯೂ ಗೊತ್ತಿರಲಿಲ್ಲ. ಆದರೆ ಆ ಜಾಗ ಗೊತ್ತಿತ್ತು. ಹಾಳೆಯ ಎಡಗಡೆ, ಮೇಲಿನಿಂದ ಮೂರನೆಯ ಸಾಲು. ಸಾಯುವತನಕ ಹೇಳುತ್ತಿದ್ದ.

ಬಟಾಯಿ ಮಾಡುವವರೆಲ್ಲ ಬಂದು ಹಕ್ಕುಪತ್ರ ಒಯ್ಯಿರಿ ಎಂದು ಎಪ್ಪತ್ತರ ದಶಕದಲ್ಲಿ ಊರಲ್ಲಿ ಡಂಗುರ ಹೊಡೆಸಿದರಂತೆ. ನಮ್ಮ ಓಣಿಯಿಂದ ಹನ್ನೊಂದು ಜನ ಹೋದರು. ಅಜ್ಜ ಹೋಗಲಿಲ್ಲ. "ನಾ ಬಟಾಯಿದಾರ ಅಲ್ಲೋ, ನಾ ಭಾಯಿ. ಭಾಯಿ ಆದವ ಸಾಲಿನಾಗ ನಿಂತ್ರ ಪಟವಾರಿ ಮಾನ ಹೋಗತದ" ಎಂದನಂತೆ. ಆ ಹನ್ನೊಂದು ಜನರ ಮೊಮ್ಮಕ್ಕಳು ಈಗ ಸ್ವಂತ ಪಾಸ್‌ಬುಕ್ಕಿನ ಮೇಲೆ ಹೂವು ಬೆಳೆಯುತ್ತಾರೆ. ಗಾಳಿಗೆ ಅವರ ಹಾಳೆಗಳೂ ಹರಿದವು. ಜುಲೈ ಹೊತ್ತಿಗೆ ಎಲ್ಲರದ್ದೂ ಹೊಸದಾದವು. ದೂರದಿಂದ ನೋಡಿದರೆ ಬೆಳ್ಳಗೆ ಕಾಣುತ್ತವೆ, ನಡುವೆ ನಮ್ಮದು ಬರೀ ಕಂಬ.

ಅರ್ಜಿ ಹಾಕಿದ್ದು ನಾನು. ಫಾರಮಿನಲ್ಲಿ 'ಗೇಣಿದಾರ' ಎಂದು ತುಂಬಿದ್ದೂ ನಾನೇ. ಅದು ತೆಲುಗಿನಲ್ಲಿತ್ತು. "ಕಂಪ್ಯೂಟರಿನಾಗ ನಮ್ಮ ಹೆಸರು ಬರಾಕ" ಎಂದಷ್ಟೇ ಹೇಳಿ ಅಪ್ಪನ ಸಹಿ ತೆಗೆದುಕೊಂಡೆ. ಆ ಶಬ್ದ ಹೇಳಲಿಲ್ಲ.

ಸೆಪ್ಟೆಂಬರ್ ಕೊನೆಗೆ ತಹಸೀಲ್ದಾರರ ಮುಂದೆ ವಿಚಾರಣೆ ಇದೆ. ನಿನಗೆ ಸ್ಪಷ್ಟವಾದರೆ ತಿಳಿಸು.

ಮಂದಾಕಿನಿ


ಕಾಚಿಗೂಡ
೬ ಅಕ್ಟೋಬರ್ ೨೦೨೪

ಮಂದಾ,

ಅದು ಬಟಾಯಿ.

ಜೂನಿನಲ್ಲೇ ಗೊತ್ತಿತ್ತು. ಹಾಳೆ ಕೈಗೆ ಬಂದ ದಿನವೇ.

ಅಜ್ಜ ನನಗೆ ಬರೆಯಲು ಕಲಿಸಿದ್ದು ತನ್ನದೇ ಬೆರಳಿನಿಂದ, ಉಪ್ಪು ಹರವಿದ ತಟ್ಟೆಯಲ್ಲಿ. ಎಷ್ಟೇ ಅವಸರವಿದ್ದರೂ ಗಂಟಿನ ಎರಡು ಕಣ್ಣು ಬಿಡಿಸದೆ ಮುಂದೆ ಹೋಗುತ್ತಿರಲಿಲ್ಲ. ಕಣ್ಣು ಬಿಡಿಸದಿದ್ದರೆ ಅಕ್ಷರ ಕುರುಡಾಗುತ್ತದೆ ಎನ್ನುತ್ತಿದ್ದ. ಆದರೂ ಖಾತ್ರಿ ಮಾಡಿಕೊಳ್ಳಬೇಕು ಎಂದು ನನಗೆ ನಾನೇ ಹೇಳಿಕೊಂಡು ಅವನ ದಿನಚರಿಗಳನ್ನು ಅಟ್ಟದಿಂದ ಇಳಿಸಿದೆ. ಇಪ್ಪತ್ತೆರಡು ಪುಸ್ತಕ. ಅವುಗಳಲ್ಲಿ 'ಭಾಯಿ' ಎಲ್ಲೆಲ್ಲೂ ಇದೆ. ಓಣಿಯ ದರ್ಜಿಗೆ, ಟಾಂಗಾದವನಿಗೆ, ನಿಮ್ಮಜ್ಜನಿಗೆ. ಎಲ್ಲದರಲ್ಲೂ ಗಂಟಿದೆ, ಕಣ್ಣಿದೆ. ಪಹಣಿಯ ಶಬ್ದದಲ್ಲಿ ಗಂಟಿಲ್ಲ. ಮಡಿಕೆಯ ಕೆಳಗಿರುವುದು ಒಂದೇ ಹಲ್ಲು.

ಅಂದರೆ ಕಾಗದದಲ್ಲಿ ನಿಜ ಬರೆದ. ಬೆರಳಿಟ್ಟು ತೋರಿಸುವಾಗ ಬೇರೆ ಓದಿದ. ಯಾಕೆ ಎಂದು ದಿನಚರಿಯಲ್ಲಿಲ್ಲ. ಹುಡುಕಿದೆ. ಪ್ರೀತಿಯಿಂದ ಹೇಳಿದನೋ, ಲೆಕ್ಕ ಹಾಕಿ ಹೇಳಿದನೋ. ಎರಡಕ್ಕೂ ಅವನ ಅಕ್ಷರ ಒಂದೇ ತರಹ ಇದ್ದಿರಬೇಕು.

ದಿನಚರಿಯ ಆರು ಪುಟಗಳ ನಕಲು ಇದರ ಜೊತೆ ಇಟ್ಟಿದ್ದೇನೆ, ಪ್ರತಿ ಶಬ್ದದ ಕೆಳಗೆ ಪೆನ್ಸಿಲಿನ ಗೆರೆ ಎಳೆದು. ವಿಚಾರಣೆ ಮುಂದಕ್ಕೆ ಹೋಗಿರಬಹುದು ಎಂದುಕೊಂಡಿದ್ದೇನೆ. ಅವು ಯಾವಾಗಲೂ ಮುಂದಕ್ಕೆ ಹೋಗುತ್ತವೆ ಎಂದು ಅಪ್ಪ ಹೇಳುತ್ತಾರೆ. ಆದರೆ ಹೋದ ವಾರ ಒಂದು ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದವರು ಸಂಜೆ ಬಂದು ಕೈಕಾಲು ತೊಳೆದರು. ನಾನು ಕೇಳಲಿಲ್ಲ.

ಭಕ್ತಿ


ತೋಟ
೨೦ ಅಕ್ಟೋಬರ್ ೨೦೨೪

ಭಕ್ತಿ,

ವಿಚಾರಣೆ ಮುಂದಕ್ಕೆ ಹೋಗಲಿಲ್ಲ. ಸೆಪ್ಟೆಂಬರ್ ಮೂವತ್ತಕ್ಕೇ ಆಯಿತು.

ಹೇಗಾಯಿತೋ ಹಾಗೇ ಬರೆಯುತ್ತೇನೆ. ಬೆಂಚಿನ ಒಂದು ತುದಿಗೆ ದೊಡ್ಡಪ್ಪ, ಇನ್ನೊಂದು ತುದಿಗೆ ಅಪ್ಪ, ನಡುವೆ ನಾನು ಮತ್ತು ಯಾರದೋ ಹೆಲ್ಮೆಟ್. ಪಹಣಿ ಓದಿದವರ ವರದಿ ಇದೆಯೇ ಎಂದು ತಹಸೀಲ್ದಾರ ಸಾಹೇಬರು ಕೇಳಿದರು. ಹಳೇ ಪಹಣಿ ಸ್ಪಷ್ಟವಾಗಿಲ್ಲ ಎಂದು ದೊಡ್ಡಪ್ಪನ ವಕೀಲರು ಹೇಳಿದರು. ನಮ್ಮ ಕೈಯಲ್ಲಿ ಬೇರೆ ಕಾಗದವಿರಲಿಲ್ಲ. ಸಾಹೇಬರು ಫೈಲು ಮುಚ್ಚಿ ಅಪ್ಪನ ಕಡೆ ತಿರುಗಿ, "ನುವ್ವು ಬಟಾಯಿದಾರುವಾ?" ಎಂದು ಕೇಳಿದರು. ಅಷ್ಟು ಸಲೀಸಾಗಿ, ಊಟವಾಯಿತೇ ಎಂದು ಕೇಳಿದ ಹಾಗೆ.

ಅಪ್ಪ ಎದ್ದು ನಿಂತು, "ಕಾದು ಸಾರ್. ಮೇಮು ಅನ್ನದಮ್ಮುಲಂ" ಎಂದ. ಅಲ್ಲ ಸಾರ್, ನಾವು ಅಣ್ಣತಮ್ಮಂದಿರು ಎಂದ.

ಸಾಹೇಬರು ನಕ್ಕು, "ಅನ್ನದಮ್ಮುಲೈತೇ ಕೇಸೆಂದುಕಯ್ಯಾ?" ಎಂದರು, ಅಣ್ಣತಮ್ಮಂದಿರಾದರೆ ಕೇಸ್ ಯಾಕಯ್ಯಾ ಎಂದು. ಅಲ್ಲಿದ್ದವರೆಲ್ಲ ನಕ್ಕರು. ದೊಡ್ಡಪ್ಪ ನಗಲಿಲ್ಲ. ತಮ್ಮ ಅಂಗಿಯ ತೋಳು ನೋಡಿಕೊಂಡರು. ಅಪ್ಪನ ಮಾತನ್ನು ಹಾಗೇ ಬರೆದುಕೊಂಡು ಸಹಿ ಹಾಕಿಸಿಕೊಂಡು ಅರ್ಜಿ ವಜಾ ಮಾಡಿದರು. ಹೊರಗೆ ಬಂದ ಮೇಲೆ ಅಪ್ಪ, "ಅಣ್ಣಾವ್ರ, ಉಂಡೀರೇನ್ರಿ? ಇಲ್ಲೇ ಕ್ಯಾಂಟೀನ್ ಐತಿ" ಎಂದ. ದೊಡ್ಡಪ್ಪ, "ನೀ ಉಣ್ಣು ಸಿದ್ರಾಮ" ಎಂದು ಹೋದರು.

ನಿನ್ನ ಕವರು ಇದಾಗಿ ಒಂಬತ್ತು ದಿನಕ್ಕೆ ಬಂತು.

ಬಚ್ಚಿಡಲಿಲ್ಲ. ಅಪ್ಪನಿಗೆ ಓದಿ ಹೇಳಿದೆ, ಆರು ಪುಟ ಹರವಿ, ಗಂಟು ಯಾವುದು ಹಲ್ಲು ಯಾವುದು ಎಂದು ತೋರಿಸಿದೆ. ಮೇಲಿನ ಕೋರ್ಟಿಗೆ ಹೋಗಬಹುದು ಎಂದೂ ಹೇಳಿದೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ, "ನಮ್ಮಪ್ಪ ಈ ಒಂದು ಮಾತಿನ ಮ್ಯಾಲ ಬದುಕಿದ. ನನ್ನನ್ನೂ ಬದುಕಿಸಿದ. ಈಗ ನಾವು ಭಾಯಿ ಅಲ್ಲರಿ, ಬಟಾಯಿ ಆಳಿನ ಮಕ್ಕಳು ಅಂತ ಸಾಬೀತ ಮಾಡಾಕ ನಾ ವಕೀಲನ್ನ ಹಿಡೀಲೇನ?" ಎಂದ. "ಹೊಲ ಬರತದಪ್ಪಾ" ಎಂದೆ. "ಗೊತ್ತಾತು. ಮಡಚಿಡು" ಎಂದ. ಮಡಚಿಟ್ಟಿದ್ದೇನೆ.

ನಿನಗೆ ಜೂನಿನಲ್ಲೇ ಗೊತ್ತಿತ್ತು ಎಂಬುದನ್ನು ಮಾತ್ರ ಅವನಿಗೆ ಓದಿ ಹೇಳಲಿಲ್ಲ.

ದಸರೆಗೆ ಪ್ರತಿವರ್ಷ ಅಪ್ಪ ತಾನೇ ಬಂದು ದೊಡ್ಡಪ್ಪನ ಕೈಗೆ ಬನ್ನಿ ಕೊಡುತ್ತಿದ್ದ. ಈ ಸಲ ಈ ಕವರಿನಲ್ಲಿ ಇಡು ಎಂದು ಕೊಟ್ಟಿದ್ದಾನೆ. ಕೊಡು ಅವರಿಗೆ. ಬಂಗಾರ ಎಂದು ಹೇಳಿ ಕೊಡಬೇಕು, ಮರೆಯಬೇಡ.

ಮಂದಾಕಿನಿ


ಜೀಡಿಮೆಟ್ಲಾ
೧೨ ಜನವರಿ ೨೦೨೫

ಭಕ್ತಿ,

ವಿಳಾಸ ಬದಲಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ. ಮಾತ್ರೆ ಪ್ಯಾಕ್ ಮಾಡುವ ಕಂಪನಿ. ಮೂವರು ಹುಡುಗಿಯರು ಒಂದು ಕೋಣೆ. ನಿಮ್ಮ ಮನೆಗೆ ಇಲ್ಲಿಂದ ಎರಡು ಬಸ್ಸು ಎಂದು ಹೇಳುತ್ತಾರೆ. ಬರುವುದಿಲ್ಲ, ಸುಮ್ಮನೆ ಹೇಳಿದೆ.

ಅಪ್ಪ ಪಾಲಿಹೌಸಿನ ಕಂಬಗಳನ್ನು ಮಾರಿಲ್ಲ. ಗುಜರಿಯವನು ಎರಡು ಸಲ ಬಂದು ಹೋದ. ಮಣ್ಣಿನಲ್ಲಿ ಹೂತದ್ದು ಹೊಲಕ್ಕೆ ಸೇರಿದ್ದು, ಹೊಲ ಯಾರದೆಂದು ತಿಳಿಯುವತನಕ ಕೀಳಬಾರದು ಎನ್ನುತ್ತಾನೆ. ಕೊತ್ತಂಬರಿ ಮಾತ್ರ ಹಾಕುತ್ತಾನೆ. ತೊಗರಿ ಬಿತ್ತಲಿಲ್ಲ.

ಇಲ್ಲಿ ಒಳಗೆ ಹೋಗುವ ಮೊದಲು ನಮ್ಮೆಲ್ಲರ ತಲೆಗೂ ಪ್ಲಾಸ್ಟಿಕ್ ಟೋಪಿ ಹಾಕುತ್ತಾರೆ. ಸಾಲಾಗಿ ನಿಲ್ಲುತ್ತೇವೆ. ಮೊದಲ ದಿನ ನಿನಗೆ ಹೇಳಬೇಕು ಅನ್ನಿಸಿತು.

ಮಂದಾಕಿನಿ


ಕಾಚಿಗೂಡ
೨ ಮಾರ್ಚ್ ೨೦೨೫

ಮಂದಾ,

ಸಂಕ್ರಾಂತಿಯ ದಿನ ಗೋದಾವರಿ ಅಜ್ಜಿ ಬಾಗಿಲಿಗೆ ಬಂದು ಬಂದು ನೋಡಿದಳು. "ಮಾಣಿಕಪ್ಪನ ಮನೀಯಿಂದ ತೊಗರಿ ಬರಲಿಲ್ಲಲ್ಲ?" ಎಂದು ಅಪ್ಪನನ್ನು ಕೇಳಿದಳು. ಅಪ್ಪ ಅಂಗಡಿಯಿಂದ ತಂದು ಡಬ್ಬಿಯಲ್ಲಿ ಹಾಕಿದರು. ಅವಳು ಒಂದು ಹಿಡಿ ತೆಗೆದು ನೋಡಿ, "ಇದು ನಮ್ಮದಲ್ಲ" ಎಂದಳು. ಎಷ್ಟು ವರ್ಷ ಬಂತು ಆ ತೊಗರಿ. ಅದು ಉಡುಗೊರೆಯಲ್ಲ, ಪಾಲು ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ತಿಂದೆವು.

ಹೊಲದ ಸುದ್ದಿ ನಿನಗೆ ಮುಟ್ಟಿರಲಿಕ್ಕಿಲ್ಲ. ಅರ್ಜಿ ವಜಾ ಆದ ಮೇಲೆ ಪ್ಲಾಟಿನವರು ಮತ್ತೆ ಬಂದರು. ಅಪ್ಪ ಎಲ್ಲ ಕಾಗದ ಕೊಟ್ಟರು. ಅವರ ವಕೀಲ ಹದಿನೈದು ದಿನ ಓದಿ ವಾಪಸು ತಂದ. ತಹಸೀಲ್ದಾರರ ಆದೇಶದಲ್ಲೇ ಇವರು ಅಣ್ಣತಮ್ಮಂದಿರು ಎಂದು ದಾಖಲಾಗಿದೆ, ಹಾಗಿದ್ದರೆ ಹೊಲದಲ್ಲಿ ಅವರಿಗೂ ಪಾಲು ಇರಬಹುದು, ಮಾಣಿಕಪ್ಪನ ವಾರಸುದಾರರೆಲ್ಲರ ಸಹಿ ತನ್ನಿ, ಆಮೇಲೆ ಮಾತಾಡೋಣ ಎಂದ. ಅಪ್ಪ, "ಅದು ಬರೇ ಮಾತಿಗೆ ಅನ್ನೂದು" ಎಂದರು. "ಮಾತಿಗಂದದ್ದನ್ನ ಬರಕೊಂಡಾರಲ್ರಿ" ಎಂದ ಅವನು. ಅವನು ರಾಯಚೂರಿನವನು, ಕನ್ನಡದಲ್ಲೇ ಹೇಳಿದ. ಪ್ಲಾಟಿನವರು ಕಾಲುವೆ ಆಚೆ ಬೇರೆ ಹೊಲ ಹಿಡಿದರು. ಕೆಂಪಕ್ಷರ ಇನ್ನೂ ಇದೆ. ಅಪ್ಪ ಈಗ ದಿನಾ ನೋಡುವುದಿಲ್ಲ.

ನಿನ್ನೆ ಅವರು ನನ್ನ ಕೋಣೆಗೆ ಬಂದರು. ಕೈಯಲ್ಲಿ ಆ ಫೈಲು ಮತ್ತು ಅಜ್ಜನ ಭೂತಗನ್ನಡಿ. ಪಹಣಿಯನ್ನು ನನ್ನ ಮುಂದಿಟ್ಟು, "ಇನ್ನೊಮ್ಮೆ ನೋಡು ಭಕ್ತಿ. ಭಾಯಿ ಅಂದ್ರೂ ನಡೀಲಿಲ್ಲ, ಬಟಾಯಿ ಅಂದ್ರೂ ನಡ್ಯೂದಿಲ್ಲ. ಮೂರನೇದು ಏನರ ಓದ್ಲಿಕ್ಕೆ ಬರ್ತದೇನು?" ಎಂದರು.

ಮರ್ಯಾದೆಗಾಗಿ ಬಹಳ ಹೊತ್ತು ನೋಡಿದೆ. ಮಡಿಕೆ, ಹಲ್ಲು, ಬಾಲ. ಹೊರಗೆ ಯಾವುದೋ ರೈಲು ನಿಂತು ಹೊರಟಿತು.

"ಬರೂದಿಲ್ಲಪ್ಪಾ" ಎಂದೆ.

"ಹಂಗಾರ ಏನದ ಅದು?" ಎಂದರು. ಒಂಬತ್ತು ತಿಂಗಳಲ್ಲಿ ಅವರು ಹಾಗೆ ಕೇಳಿದ್ದು ಇದೇ ಮೊದಲು.

"ಬಟಾಯಿ."

"ಹೂಂ" ಎಂದರು. ಬೇರೇನೋ ಕೇಳಿದ ಹಾಗೆ ತಲೆಯಾಡಿಸಿ ಫೈಲು ಮುಚ್ಚಲು ಹೋದರು. ಅದರೊಳಗಿಂದ ಒಣಗಿದ ಎಲೆಯ ಪುಡಿ ನನ್ನ ಮೇಜಿನ ಮೇಲೆ ಉದುರಿತು. ನಿಮ್ಮಪ್ಪ ಕಳಿಸಿದ ಬನ್ನಿ. ಬಂಗಾರ ಎಂದು ಹೇಳಿಯೇ ಕೊಟ್ಟಿದ್ದೆ. ಅವರು ಅದನ್ನು ದೇವರ ಮುಂದೆ ಇಟ್ಟಿರಲಿಲ್ಲ, ಎಸೆದೂ ಇರಲಿಲ್ಲ. ಪಹಣಿಯ ಮಡಿಕೆಯಲ್ಲಿ ಇಟ್ಟಿದ್ದರು. ಅಂಗೈಯಿಂದ ಒಟ್ಟು ಮಾಡಿ ಮತ್ತೆ ಅದರೊಳಗೇ ಹಾಕಿಕೊಂಡು ಹೋದರು.

ಅವರು ಹೋದ ಮೇಲೆ ಒಂದು ಹಾಳೆಯಲ್ಲಿ ಪಹಣಿಯ ಮೂರನೆಯ ಸಾಲನ್ನು ಇದ್ದ ಹಾಗೇ ಕನ್ನಡದಲ್ಲೂ ತೆಲುಗಿನಲ್ಲೂ ಬರೆದೆ. ಕೆಳಗೆ ನನ್ನ ಪೂರ್ತಿ ಹೆಸರು, ವಿಳಾಸ, ತಾರೀಖು, ಸಹಿ. ಎರಡು ಪ್ರತಿ ಮಾಡಿದೆ. ಒಂದನ್ನು ಅಪ್ಪನ ಫೈಲಿನಲ್ಲಿ, ಎಲೆಯ ಪುಡಿಯ ಪಕ್ಕದಲ್ಲಿ ಇಟ್ಟೆ. ಅವರಿಗೆ ಗೊತ್ತು. ಇನ್ನೊಂದು ಇದರ ಜೊತೆಗಿದೆ. ಸಿದ್ರಾಮ ಕಾಕಾ ಮಡಚಿಡು ಎಂದರೆ ಮಡಚಿಡು. ಯಾರಾದರೂ ಕರೆದು ಕೇಳಿದರೆ ನಾನು ಬಂದು ಓದುತ್ತೇನೆ, ಗಟ್ಟಿಯಾಗಿ.

ತಡವಾಯಿತು.

ಓದಿದವಳು,
ಭಕ್ತಿ